ಮೂರು ವಾರದ ಕಾಲು, ಒಂಬತ್ತು ದಿನಕ್ಕೆ

ಆ ವರ್ಷ ನಮ್ಮ ಕಾಲೇಜಿನ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡ ಒಂದೂ ಪಂದ್ಯ ತಪ್ಪಿಸದೆ ಸೀಸನ್ ಮುಗಿಸಿತು. ಅದಕ್ಕೆ ತಗಲಿದ್ದು ಎರಡು ಬೆರಳು, ಒಂದು ಮೂಗು, ಒಂದು ಮೊಣಕಾಲು, ಒಂದು ಪಾದದ ಗಂಟು. ಬೆರಳು, ಮೂಗು, ಮೊಣಕಾಲು ಆಯಾ ಹೊತ್ತಿಗೆ ವಾಸಿಯಾದವು. ಪಾದದ ಗಂಟು ಆಗಲಿಲ್ಲ. ಅದು ನನ್ನದಲ್ಲ, ನನ್ನ ಗೆಳತಿಯದು. ಅದರ ಮೇಲೆ ಚೌಕಾಸಿ ಮಾಡಿದವಳು ಮಾತ್ರ ನಾನು. ಇಷ್ಟು ದುಬಾರಿ ಏಕಾಯಿತು ಎಂದರೆ, ಚೌಕಾಸಿ ನನಗೆ ತೀರಾ ಚೆನ್ನಾಗಿ ಬರುತ್ತಿತ್ತು, ಅದಕ್ಕೇ.

ಕಲಿಸಿದ್ದು ಅಪ್ಪ. ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಅವರು ಅಡುಗೆಯವರು. ಹೋಟೆಲಿಗೆ ತರಕಾರಿ ತರುವುದೂ ಅವರದೇ ಕೆಲಸ. ಅವರಿಗೆ ಮರಾಠಿ ಬಾರದು. ಮುನ್ಸಿಪಾಲಿಟಿ ಶಾಲೆಯಲ್ಲಿ ಓದುತ್ತಿದ್ದ ನನಗೆ ಬರುತ್ತಿತ್ತು. ಹಾಗಾಗಿ ಎಂಟನೆಯ ವಯಸ್ಸಿನಿಂದ ಬೆಳಗಿನ ಮಾರ್ಕೆಟ್ಟಿನಲ್ಲಿ ಅವರ ಬಾಯಿ ನಾನೇ. ಬದನೆ ಮಾರುವವಳು ಒಂದು ದರ ಹೇಳಿದರೆ ಅಪ್ಪ ನನ್ನ ಭುಜ ಒತ್ತುತ್ತಿದ್ದರು.

"ಎಂತ ಹೇಳಿದಳು?"

ನಾನು ಹೇಳುತ್ತಿದ್ದೆ.

"ಅವಳು ಮೇಲೆ ಇಟ್ಟು ಹೇಳುವುದು ಮಗಾ. ಅರ್ಧ ಕೇಳು. ಇಳಿದಳು ಅಂದರೆ ಇನ್ನೂ ಜಾಗ ಉಂಟು ಅಂತ ಲೆಕ್ಕ."

ಇಳಿದರೆ ಇನ್ನೂ ಜಾಗ ಇದೆ. ಆ ಒಂದು ಮಾತಿನ ಮೇಲೆ ನಾನು ಮುಂದೆ ಹೋಟೆಲುಗಳಿಗೆ ಪಾತ್ರೆ ಪೂರೈಸುವ ವ್ಯಾಪಾರ ಕಟ್ಟಿದೆ, ಯಾರ ಹಂಗಿಲ್ಲದೆ ಮನೆ ಮಾಡಿದೆ. ಮಾತು ತಪ್ಪಲ್ಲ. ಎಲ್ಲಿ ಬಳಸಬಾರದು ಎಂಬುದನ್ನು ಅಪ್ಪ ಹೇಳಿರಲಿಲ್ಲ, ಅಷ್ಟೇ. ಅವರಿಗೆ ಬದನೆಕಾಯಿಯ ಆಚೆಗೆ ಅದು ಬೇಕಾಗಿಯೂ ಇರಲಿಲ್ಲ.

ಕಾಲೇಜಿನಲ್ಲಿ ನಾನು ಸಾಧಾರಣ ಆಟಗಾರ್ತಿ. ಓಡುತ್ತಿದ್ದೆ, ಅಡ್ಡ ನಿಲ್ಲುತ್ತಿದ್ದೆ, ಚೆಂಡನ್ನು ರಿಂಗಿಗೆ ಹಾಕುವ ಕೈ ನನ್ನದಲ್ಲ. ಆದರೂ ತಂಡದ ಕಾರುಬಾರು ನನ್ನ ಪಾಲಿಗೆ ಬಂತು. ಹುಡುಗರ ತಂಡದಿಂದ ಸಂಜೆಯ ಒಂದು ಗಂಟೆ ಕೋರ್ಟು ಬಿಡಿಸಿಕೊಂಡವಳು ನಾನು. ಹಳೆಯ ಕ್ಯಾನ್ವಾಸ್ ಬೂಟುಗಳಿಗೆ ಹೊಸ ಅಟ್ಟೆ ಹಾಕಿಸಿದವಳು ನಾನು. ಬೂಟು ಹೊಂದಿಸಲು ಆದದ್ದು ಎಂಟು ಜೊತೆ. ಹಾಗಾಗಿ ಪಂದ್ಯಾವಳಿಗೆ ಎಂಟೇ ಹೆಸರು ಕೊಟ್ಟೆ. ಹತ್ತು ಕೊಡಬಹುದಿತ್ತು. ಆಡುವುದು ಐವರು, ಮೂವರು ಹೆಚ್ಚಿಗೆ ಇದ್ದಾರಲ್ಲ, ಇನ್ನಿಬ್ಬರು ಕೂತು ಏನು ಮಾಡುತ್ತಾರೆ ಎಂದುಕೊಂಡೆ. ಕೊಟ್ಟ ಹೆಸರಿನವರು ಮಾತ್ರ ಆಡಬೇಕು ಎಂಬ ನಿಯಮವನ್ನು ಓದಿದ್ದೆ. ಓದಿಯೂ ಎಂಟೇ ಬರೆದೆ.

ಪ್ರಿನ್ಸಿಪಾಲರ ಜೊತೆಗೂ ಒಂದು ಒಪ್ಪಂದ ಮಾಡಿಕೊಂಡಿದ್ದೆ. ಹುಡುಗಿಯರಿಗೆ ಕೋರ್ಟು ಏಕೆ, ನಾಲ್ಕು ದಿನ ಆಡಿ ಬಿಟ್ಟುಬಿಡುತ್ತಾರೆ ಎಂದು ಅವರು ಅಂದಾಗ, "ಒಂದು ಪಂದ್ಯ ತಪ್ಪಿಸಿದರೆ ಕೋರ್ಟನ್ನು ಪೂರ್ತಿ ಹುಡುಗರಿಗೆ ಕೊಡಿ, ತಪ್ಪಿಸದಿದ್ದರೆ ಆ ಗಂಟೆ ಖಾಯಂ ನಮ್ಮದು" ಎಂದಿದ್ದೆ. ಅವರು ನಕ್ಕು ಒಪ್ಪಿದರು. ಎಂಥ ವ್ಯವಹಾರ ಮಾಡಿದೆ ಎಂದು ನಾನು ಲೋಕಲ್ ರೈಲು ಹತ್ತಿ ಮನೆಗೆ ಬರುವವರೆಗೂ ಬೀಗಿದೆ.

ನನ್ನ ಗೆಳತಿಯ ಮನೆ ವಡಾಲದಲ್ಲಿ. ತಂದೆ ಬಂದರಿನ ಕಚೇರಿಯಲ್ಲಿ ಗುಮಾಸ್ತರು, ಮೈಸೂರಿನ ಕಡೆಯವರು. ಅವಳು ನಮ್ಮೆಲ್ಲರಿಗಿಂತ ಒಂದು ಗೇಣು ಎತ್ತರ. ಮದುವೆಯ ಮಾತು ನಡೆಯುವ ಮನೆಯಲ್ಲಿ ಆ ಎತ್ತರ ಒಂದು ತಲೆನೋವು, ಕೋರ್ಟಿನಲ್ಲಿ ಅದೇ ನಮ್ಮ ಬಲ. ಅವಳಿಗೆ ವ್ಯಾಯಾಮ ಶಿಕ್ಷಕಿಯಾಗಬೇಕಿತ್ತು. ಆ ತರಬೇತಿಗೆ ಸೇರಲು ಓಟ, ಜಿಗಿತದ ಪರೀಕ್ಷೆ ಕೊಡಬೇಕು. ತಂದೆ ಒಂದು ವರ್ಷದ ಗಡುವು ಕೊಟ್ಟಿದ್ದರು. ಬರುವ ಜೂನಿನಲ್ಲಿ ಸೀಟು ಸಿಕ್ಕರೆ ಸರಿ, ಇಲ್ಲದಿದ್ದರೆ ಗಂಡು ನೋಡುವುದು.

"ಎಲ್ಲರಿಗೂ ಓದು ತಲೇಲಿರತ್ತೆ, ನನಗೆ ಕಾಲಲ್ಲಿದೆ ಕಣೆ," ಎಂದು ನಗುತ್ತಿದ್ದಳು.

ಮಳೆಗಾಲ ಮುಗಿಯುತ್ತಲೇ ಪಂದ್ಯಗಳು ಶುರುವಾದವು. ಆಗ ನಾವು ಆಡುತ್ತಿದ್ದದ್ದು ಮಣ್ಣಿನ ಕೋರ್ಟು. ಮಳೆಗೆ ಮೇಲಿನ ಮಣ್ಣು ಕೊಚ್ಚಿಹೋಗಿ ಕೆಳಗಿನ ಜಲ್ಲಿ ಎದ್ದಿತ್ತು. ರೋಲರ್ ಎಳೆಸಲು ಒಂದು ವಾರ ಕೋರ್ಟು ಮುಚ್ಚಬೇಕಿತ್ತು, ನಾನು ಒಪ್ಪಲಿಲ್ಲ. ಸಿಕ್ಕ ಗಂಟೆಯನ್ನು ಬಿಡುವುದು ಎಂದರೇನು? ಮೊದಲನೆಯ ವಾರ ಒಬ್ಬಳು ಆ ಜಲ್ಲಿಯ ಮೇಲೆ ಜಾರಿ ಮೊಣಕಾಲಿನ ಚಿಪ್ಪು ಒಡೆದುಕೊಂಡಳು. ಎರಡನೆಯ ಪಂದ್ಯದಲ್ಲಿ ಇನ್ನೊಬ್ಬಳ ಎರಡು ಬೆರಳಿಗೆ ಚೆಂಡು ನೇರವಾಗಿ ಬಡಿದು ಅವು ಬದನೆಕಾಯಿಯಂತೆ ಊದಿದವು. ಮೂರನೆಯದರಲ್ಲಿ ಘಾಟ್ಕೋಪರಿನ ಗುಜರಾತಿ ಹುಡುಗಿಯ ಮೂಗಿಗೆ ಎದುರಾಳಿಯ ಮೊಣಕೈ ತಗುಲಿತು. ಅವಳ ತಾಯಿ ಮರುದಿನ ಕಾಲೇಜಿಗೇ ಬಂದು, ರಕ್ತದ ಕಲೆಯ ಕಮೀಜನ್ನು ನನ್ನ ಕೈಗಿಟ್ಟು, "ಯೇ ಲೋ, ತುಮ್ಹಾರಾ ಕಪ್," ತಗೋ ನಿಮ್ಮ ಕಪ್ಪು, ಎಂದು ಹೋದರು. ಕಪ್ಪು ಇನ್ನೂ ಯಾರಿಗೂ ಸಿಕ್ಕಿರಲಿಲ್ಲ. ಎಂಟರಲ್ಲಿ ಐವರು ಉಳಿದೆವು.

ಕೊನೆಯ ಪಂದ್ಯಕ್ಕೆ ಒಂಬತ್ತು ದಿನ ಇರುವಾಗ ಅಭ್ಯಾಸದಲ್ಲಿ ಗೆಳತಿಯ ಎಡಗಾಲು ಹೊರಳಿತು. ಅವಳು ಕೂಗಲಿಲ್ಲ. ಕೂತಲ್ಲಿಂದ ಏಳಲಿಲ್ಲ, ಅಷ್ಟೇ. ಬೂಟು ಬಿಚ್ಚಿದಾಗ ಪಾದದ ಗಂಟು ಕಾಣದಷ್ಟು ಊತ ಬಂದಿತ್ತು.

ಪಂದ್ಯ ಮುಂದೂಡಿ ಎಂದು ಪಂದ್ಯಾವಳಿ ನಡೆಸುವವರನ್ನು ಕೇಳಿಕೊಂಡೆ. ಪರೀಕ್ಷೆಗಳು ಹತ್ತಿರ ಬಂದಿವೆ, ಆಗದು ಎಂದರು. ನಾಲ್ವರೇ ಶುರುಮಾಡುತ್ತೇವೆ ಎಂದೆ. ಶುರುವಿಗೆ ಐವರು ಬೇಕೇ ಬೇಕು, ನಡುವೆ ಯಾರಾದರೂ ಬಿದ್ದರೆ ಮಾತು ಬೇರೆ ಎಂದರು. ಉಳಿದದ್ದು ಡಾಕ್ಟರು.

ಮಾಟುಂಗ ಸ್ಟೇಷನ್ನಿನ ಬಳಿ ಧಾರವಾಡದ ಕಡೆಯ ಒಬ್ಬ ಡಾಕ್ಟರ ದವಾಖಾನೆಯಿತ್ತು. ಗೆಳತಿಯನ್ನು ಇಬ್ಬರು ಹೆಗಲು ಕೊಟ್ಟು ಕರೆದೊಯ್ದೆವು. ಅವರು ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಒತ್ತಿ ನೋಡಿದರು.

"ಎಲುಬು ಮುರಿದಿಲ್ಲ. ನರ ಹರದದ. ಮೂರು ವಾರ ಕಾಲು ನೆಲಕ್ಕ ಊರೂಹಂಗಿಲ್ಲ."

"ಒಂದು ವಾರ ಸಾಕಾಗುವುದಿಲ್ವಾ ಡಾಕ್ಟ್ರೆ?" ಎಂದೆ.

ಅವರು ತಲೆ ಎತ್ತಿ ನನ್ನನ್ನು ನೋಡಿದರು. "ಇದೇನು ಕಾಯಿಪಲ್ಲೆ ಸಂತಿ ಅಂತ ತಿಳದೀ ಏನವಾ? ಮೂರು ವಾರ ಅಂದ್ರ ಮೂರು ವಾರ."

"ಗಟ್ಟಿಯಾಗಿ ಪಟ್ಟಿ ಕಟ್ಟಿದರೆ? ಅವಳು ಓಡುವುದೇ ಇಲ್ಲ, ಸುಮ್ಮನೆ ನಿಲ್ಲುವುದು."

"ನಿಲ್ಲೂದೂ ಕಾಲಿನ ಮ್ಯಾಲೇ ನಿಲ್ಲಬೇಕಲ್ಲಾ?"

ಹೊರಗೆ ಬೆಂಚಿನ ತುಂಬ ಜನ. ಒಂದು ಕೂಸು ಅಳುತ್ತಿತ್ತು. ನಾನು ಎದ್ದು ಹೋಗಲಿಲ್ಲ. ಅಂಗಡಿಯವನು ಸುಸ್ತಾಗುವವರೆಗೂ ನಿಂತಲ್ಲೇ ನಿಲ್ಲಬೇಕು ಎಂಬುದು ನನಗೆ ಗೊತ್ತಿತ್ತು. ಬಿಸಿ ಉಪ್ಪಿನ ಶಾಖ ಕೊಡುತ್ತೇವೆ ಎಂದೆ. ಅವಳ ಮೈ ಗಟ್ಟಿ ಎಂದೆ. ಕೊನೆಗೆ ಅವರು ಕೈ ಝಾಡಿಸಿ, "ಆತು, ಎರಡು ವಾರರೆ ಬಿಡ್ರಿ. ಅದಕ್ಕಿಂತ ಕಡಿಮಿ ಮಾಡಿದ್ರ ನನ್ನ ಕೇಳಬ್ಯಾಡ್ರಿ," ಎಂದು ಮುಂದಿನವರನ್ನು ಕರೆದರು.

ಗೆಳತಿ ಇಡೀ ಹೊತ್ತು ಒಂದೂ ಮಾತಾಡಿರಲಿಲ್ಲ. ಹೊರಗೆ ಬಂದ ಮೇಲೆ ಕೇಳಿದಳು: "ಏನೇ ಮಾಡೋದು?"

"ನೋಡಿದೆಯಲ್ಲ, ಮೂರರಿಂದ ಎರಡಕ್ಕೆ ಇಳಿದರು ಮಾರಾಯ್ತಿ. ಡಾಕ್ಟ್ರಾದರೂ ಮೇಲೆ ಇಟ್ಟೇ ಹೇಳುವುದು. ಒಂಬತ್ತು ದಿನ ಸಾಕು."

"ಜೂನ್‌ಗೆ ತೊಂದ್ರೆ ಆಗಲ್ಲ ತಾನೇ?"

"ಜೂನಿಗೆ ಎಷ್ಟು ತಿಂಗಳು ಉಂಟು! ನೀನು ರಿಂಗಿನ ಕೆಳಗೆ ಕಂಬದ ಹಾಗೆ ನಿಲ್ಲು. ಚೆಂಡು ಕೈಗೆ ಬಂದರೆ ಹಾಕು, ಬರದಿದ್ದರೆ ಬೇಡ. ಐದನೆಯವಳು ಇದ್ದಾಳೆ ಅಂತ ರೆಫ್ರಿಗೆ ಕಂಡರೆ ಸಾಕು."

ಅವಳು ನಕ್ಕಳು. "ಕಂಬಕ್ಕೆ ನಾನೇ ಸರಿ ಬಿಡು," ಎಂದಳು. ನನಗೆ ಅಷ್ಟು ಒಪ್ಪಿಗೆ ಸಾಕಾಯಿತು.

ಪಂದ್ಯದ ದಿನ ಅವಳ ಕಾಲಿಗೆ ಪಟ್ಟಿ ನಾನೇ ಸುತ್ತಿದೆ. ಊತ ಇಳಿದಿತ್ತು, ಬಣ್ಣ ಮಾತ್ರ ಹಳದಿ, ನೇರಳೆ. ಬೂಟಿನ ಲಾಡಿಯನ್ನು ಬಿಗಿದಾಗ ಅವಳು ತುಟಿ ಕಚ್ಚಿದ್ದನ್ನು ನೋಡಿದೆ. ನೋಡಿದೆ ಎಂದು ಬರೆಯಲೇಬೇಕು, ಕಾಣಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮೊದಲರ್ಧ ಅವಳು ನಾನು ಹೇಳಿದಂತೆ ನಿಂತಳು. ನಾವು ನಾಲ್ವರು ಐವರ ಓಟ ಓಡಿದೆವು, ಸೋಲುತ್ತಿದ್ದೆವು. ಸೋಲು ನಮ್ಮ ಲೆಕ್ಕದಲ್ಲಿ ಮೊದಲೇ ಇತ್ತು. ಆದರೆ ಎರಡನೆಯ ಅರ್ಧದ ಕೊನೆಯಲ್ಲಿ ಒಂದು ಚೆಂಡು ರಿಂಗಿಗೆ ಬಡಿದು ಅವಳ ತಲೆಯ ಮೇಲಕ್ಕೇ ಪುಟಿಯಿತು. ಎಳೆಯ ವಯಸ್ಸಿನಿಂದ ಆಡಿದವಳು, ಚೆಂಡು ಮೇಲಿದ್ದಾಗ ಕೆಳಗೆ ನಿಂತಿರಬೇಕು ಎಂದು ಮೈಗೆ ಹೇಳಿಕೊಡಲು ಯಾರಿಂದಾಗುತ್ತದೆ? ಅವಳು ಜಿಗಿದಳು. ಚೆಂಡು ಹಿಡಿದಳು. ಇಳಿದದ್ದು ಎಡಗಾಲಿನ ಮೇಲೆ. ಒಣ ಕಡ್ಡಿ ಮುರಿದಂಥ ಸದ್ದನ್ನು ಕೋರ್ಟಿನ ಆ ತುದಿಯಲ್ಲಿದ್ದ ನಾನು ಕೇಳಿದೆ.

ಉಳಿದ ನಾಲ್ಕು ನಿಮಿಷ ನಾಲ್ವರೇ ಆಡಿದೆವು. ಪಂದ್ಯ ಮುಗಿದು, ರೆಫ್ರಿ ಕಾಗದಕ್ಕೆ ಸಹಿ ಹಾಕಿದ ಮೇಲೆಯೇ ನಾನು ಅವಳ ಹತ್ತಿರ ಹೋದದ್ದು. ಕೋರ್ಟಿನ ಆ ಗಂಟೆ ಹುಡುಗಿಯರಿಗೇ ಉಳಿಯಿತು.

ಅದೇ ಡಾಕ್ಟರು. ಈ ಸಲ ಅವರು ಕಾಲು ನೋಡುವ ಮೊದಲು ನನ್ನ ಮುಖ ನೋಡಿದರು.

"ಈಗ ಎಷ್ಟಕ್ಕ ಕೇಳ್ತೀ?"

ದೊಡ್ಡಾಸ್ಪತ್ರೆಗೆ ಒಯ್ಯಿರಿ, ಪ್ಲಾಸ್ಟರ್ ಹಾಕಬೇಕು, ಎಂಟು ವಾರ ಎಂದರು. ಹೇಳಿದ್ದಕ್ಕೆ ಹಾಗೇ ತಲೆಯಾಡಿಸಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಎಲುಬು ಕೂಡಿತು, ನೇರವಾಗಿ ಕೂಡಲಿಲ್ಲ. ಜೂನಿನಲ್ಲಿ ಅವಳು ಹಟ ಮಾಡಿ ಪರೀಕ್ಷೆಗೆ ಹೋದಳು. ಓಟದಲ್ಲಿ ಅರ್ಧಕ್ಕೇ ನಿಲ್ಲಿಸಿದರಂತೆ. ಅವಳ ತಂದೆ ನನ್ನನ್ನು ಬೈಯಲಿಲ್ಲ. ಬಾಗಿಲಲ್ಲಿ ನಿಂತು, "ಅವಳು ಮಲಗಿದ್ದಾಳಮ್ಮ, ಇನ್ನೊಂದು ದಿನ ಬಾ," ಎಂದರು. ಮಧ್ಯಾಹ್ನ ಮೂರು ಗಂಟೆ. ಅವಳು ಮಧ್ಯಾಹ್ನ ಮಲಗುವವಳಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು.

ಎರಡು ವರ್ಷದ ಮೇಲೆ ದಾದರ್ ಸ್ಟೇಷನ್ನಿನ ಮೇಲ್ಸೇತುವೆಯಲ್ಲಿ ಅವಳು ಎದುರಾದಳು. ಫೋರ್ಟಿನ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದಳು, ಮದುವೆಯಾಗಿತ್ತು. ಮೆಟ್ಟಿಲಿಳಿಯುವಾಗ ಪಕ್ಕದ ಕಂಬಿ ಹಿಡಿದು ಒಂದೊಂದೇ ಕಾಲು ಇಡುತ್ತಿದ್ದಳು. ಹಿಂದಿನಿಂದ ಬರುವವರು ಅವಳನ್ನು ದಾಟಿ ಹೋಗುತ್ತಿದ್ದರು. ತಪ್ಪಾಯಿತು ಎಂದೆ. ಅದಕ್ಕೂ ಮೊದಲು ನಾಲ್ಕು ಬೇರೆ ಮಾತಾಡಿದ್ದೆ, ಅದು ನನ್ನ ಅಭ್ಯಾಸ.

"ಡಾಕ್ಟ್ರು ಮೂರು ವಾರ ಅಂದಾಗ ನಾನೂ ಅಲ್ಲೇ ಇದ್ನಲ್ಲೇ," ಎಂದಳು. "ನನಗೆ ನೋವಿತ್ತು, ನನಗೆ ಗೊತ್ತಿತ್ತು. ಆದ್ರೆ ನೀನು ಗೆಲ್ತಾ ಇದ್ದೆ. ನನಗೋಸ್ಕರ ಅಷ್ಟು ವಾದ ಮಾಡ್ತಿರೋಳ ಎದುರಿಗೆ ಬೇಡ ಅನ್ನೋಕೆ ನಾಚಿಕೆಯಾಯ್ತು."

ರೈಲು ಬಂತು. ಅವಳು ಓಡಲಿಲ್ಲ. ಅದು ಹೋಯಿತು, ನಾವು ಮುಂದಿನದಕ್ಕೆ ಕಾದೆವು.

ನಿಮ್ಮ ಮಗಳೋ ತಂಗಿಯೋ ಆಡುವವಳಾಗಿದ್ದರೆ ನನ್ನ ಮಾತು ಕೇಳಿ. ಹತ್ತು ಹೆಸರಿಗೆ ಜಾಗ ಇದ್ದರೆ ಹತ್ತೂ ಬರೆಸಿ, ಬೂಟು ಆಮೇಲೆ ನೋಡಿಕೊಳ್ಳಬಹುದು. ಜಲ್ಲಿ ಎದ್ದ ನೆಲದ ಮೇಲೆ ಒಂದು ವಾರ ಆಟ ಬಿಟ್ಟರೆ ಏನೂ ಮುಳುಗುವುದಿಲ್ಲ. ಪೆಟ್ಟಾದಾಗ ಡಾಕ್ಟರ ಬಳಿಗೆ ತಂಡದವರನ್ನು ಕರೆದೊಯ್ಯಬೇಡಿ, ಅದರಲ್ಲೂ ಮಾತು ಬಲ್ಲವರನ್ನು ಬೆಂಚಿನ ಮೇಲೇ ಕೂರಿಸಿ. ಡಾಕ್ಟರು ಮೊದಲು ಹೇಳಿದ ದಿನವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ, ಎರಡನೆಯ ಸಲ ಕೇಳಲೇಬೇಡಿ. ಆ ದಿನ ಮುಗಿದ ಮೇಲೆ ವಾಸಿಯಾಯಿತೇ ಎಂದು ಅವಳನ್ನು ಕೇಳಿದರೆ ಪ್ರಯೋಜನವಿಲ್ಲ, ಆಯಿತು ಎನ್ನುತ್ತಾಳೆ. ಅವಳನ್ನು ಒಂದು ಮಹಡಿ ಹತ್ತಿಸಿ, ಕೈ ಎಲ್ಲೂ ಆನಿಸದೆ ಇಳಿಯಲು ಹೇಳಿ. ಹತ್ತುವಾಗ ಏನೂ ಗೊತ್ತಾಗುವುದಿಲ್ಲ. ಇಳಿಯುವಾಗ ನೀವು ಕೆಳಗಿನ ಮೆಟ್ಟಿಲಲ್ಲಿ ನಿಂತು ಅವಳ ಮುಖ ನೋಡಿ. ತುಟಿ ಕಚ್ಚಿದರೆ ಮನೆಗೆ ಕರೆದುಕೊಂಡು ಹೋಗಿ.