ಹಳಿಯಾಳದ ಹಾಸಿಗೆ, ದಾಂಡೇಲಿಯ ನೀರು

ಹೊಲಿಗೆ ಮಷಿನ್ ಮಾರುವ ಕಂಪನಿಯೊಂದರಲ್ಲಿ ನನಗೆ ಕೆಲಸ ಸಿಕ್ಕಾಗ ನನಗಿನ್ನೂ ಮದುವೆಯಾಗಿರಲಿಲ್ಲ. ಮಷಿನ್ ಮಾರುವುದು ಗಂಡಸರ ಕೆಲಸ. ಕೊಂಡ ಮನೆಯ ಹೆಂಗಸರಿಗೆ ಅದನ್ನು ತುಳಿಯಲು, ದಾರ ಪೋಣಿಸಲು, ಪೋಲಕ ಕತ್ತರಿಸಲು ಕಲಿಸುವುದು ನನ್ನ ಪಾಲಿನದು. ಒಂದು ಊರಿನಲ್ಲಿ ಕ್ಲಾಸು ಮುಗಿಸಿ ಇನ್ನೊಂದು ಊರಿಗೆ ಹೋಗಬೇಕು. ಆ ವರ್ಷ ನನಗೆ ಬಂದದ್ದು ಹಳಿಯಾಳ, ದಾಂಡೇಲಿ ಮತ್ತು ಮುಂಡಗೋಡ.

ಸುದ್ದಿ ಕೇಳಿ ಧಾರವಾಡದ ಮನೆಯಲ್ಲಿ ಅಣ್ಣ ಹಾರಾಡಿದ. "ಹೆಣ್ಣು ಹುಡುಗಿ ಊರೂರು ತಿರಗೂದಂದ್ರ ಏನು? ಮಂದಿ ಏನಂದಾರು?"

ಅವ್ವ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ನಾ ಹೋಗ್ತೇನಿ ಆಕಿ ಜೋಡಿ. ಅನ್ನೂ ಮಂದಿ ನನ್ನ ಮುಂದ ಅನ್ನಲಿ."

ಅಪ್ಪ ತೀರಿಕೊಂಡ ಮೇಲೆ ಅವ್ವ ತನ್ನ ತವರಿಗೆ ಬಿಟ್ಟರೆ ಮತ್ತೆಲ್ಲಿಗೂ ಹೋದವಳಲ್ಲ. ದುಡ್ಡು ಕೊಟ್ಟು ಮಲಗುವ ಜಾಗ ಅಂತ ಒಂದು ಇರುತ್ತದೆ ಎನ್ನುವುದೇ ಅವಳಿಗೆ ವಿಚಿತ್ರವಾಗಿತ್ತು. ಹೋಗುವ ದಿನ ಒಂದು ಟ್ರಂಕಿನಲ್ಲಿ ನಮ್ಮ ಬಟ್ಟೆ, ಇನ್ನೊಂದರಲ್ಲಿ ಜೋಳದ ಹಿಟ್ಟು, ಶೇಂಗಾ ಚಟ್ನಿ ತುಂಬಿಕೊಂಡು ಬಸ್ಸು ಹತ್ತಿದಳು.

ಆ ಮೂರೂ ಊರುಗಳಲ್ಲಿ ಒಬ್ಬರದೇ ಬೋರ್ಡಿಂಗ್ ಲಾಜಿಂಗ್ ಇದ್ದವು. ಮಾಲಕರು ಕರಾವಳಿ ಕಡೆಯವರು. ಮೂರಕ್ಕೂ ಒಂದೇ ಹೆಸರು, ಹಸಿರು ಹಲಗೆಯ ಮೇಲೆ ಬಿಳಿ ಅಕ್ಷರ, ಬಾಗಿಲುಗಳಿಗೂ ಅದೇ ಹಸಿರು ಬಣ್ಣ. "ಎಲ್ಲಿ ಹೋದರೂ ನಿಮಗೆ ಅದೇ ವ್ಯವಸ್ಥೆ ಸಿಗ್ತದ" ಎಂದು ಕಂಪನಿಯವರು ಮೊದಲೇ ಹೇಳಿ, ನಾವು ಬರುವ ಸುದ್ದಿ ತಿಳಿಸಿದ್ದರು.

ಹಳಿಯಾಳದಲ್ಲಿ ಬಸ್ಸಿಳಿದು ಹೋದರೆ ಬಾಗಿಲಲ್ಲಿ ನಿಂತಿದ್ದವರು ಮಾಲಕರಲ್ಲ, ಅವರ ಹೆಂಡತಿ. ನಡುವಯಸ್ಸಿನ ಗಿಡ್ಡ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು. ಇಬ್ಬರು ಹೆಂಗಸರೇ ಬಂದಿದ್ದೇವೆಂದು ಅವರೇನೂ ಹುಬ್ಬೇರಿಸಲಿಲ್ಲ. "ಬನ್ನಿ, ಕಾಲು ತೊಳಕೊಳ್ಳಿ, ನೀರು ಬಿಸಿ ಉಂಟು" ಎಂದರು. ತಮ್ಮ ಮನೆಯವರು ಇರುವ ಬದಿಯ ಕೋಣೆಯನ್ನೇ ನಮಗೆ ಕೊಟ್ಟರು. ಗಾದಿ ಬಿಸಿಲಿಗೆ ಹಾಕಿ ತೆಗೆದದ್ದು, ಇನ್ನೂ ಬೆಚ್ಚಗಿತ್ತು. ಅವ್ವ ಚಾದರದ ಅಂಚನ್ನು ಮೂಗಿನ ಹತ್ತಿರ ಹಿಡಿದು ನೋಡಿ, ನನ್ನ ಕಡೆ ತಿರುಗಿ, "ನಮ್ಮ ಮನಿಯಾಗೂ ಇಷ್ಟ ಸ್ವಚ್ಛ ಇರೂದಿಲ್ಲ ನೋಡವ್ವ" ಎಂದಳು.

ಆ ಯಜಮಾನತಿ ದಿನಾ ಬೆಳಿಗ್ಗೆ ಕೋಣೆ ಕೋಣೆಗೂ ತಾವೇ ಹೋಗಿ ನೋಡುತ್ತಿದ್ದರು. ಕುಡಿಯುವ ನೀರನ್ನು ದೊಡ್ಡ ತಾಮ್ರದ ಹಂಡೆಯಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಆರಿಸಿ ಇಡಿಸುತ್ತಿದ್ದರು. ಅನ್ನ, ಸಾರು ಅವ್ವನಿಗೆ ಹಿಡಿಸುತ್ತಿಲ್ಲವೆಂದು ಗೊತ್ತಾದ ಮೇಲೆ ತಮ್ಮ ಅಡುಗೆಮನೆಯ ಒಂದು ಒಲೆಯನ್ನೇ ಬಿಟ್ಟುಕೊಟ್ಟರು. ಅವ್ವ ರೊಟ್ಟಿ ಬಡಿಯುವಾಗ ಎದುರಿಗೆ ಕೂತು ಕಲಿಯಲು ನೋಡುತ್ತಿದ್ದರು. ಅವರ ರೊಟ್ಟಿ ಹರಿಯುತ್ತಿತ್ತು, ಇಬ್ಬರೂ ನಗುತ್ತಿದ್ದರು. ನಾನು ಕ್ಲಾಸು ಮುಗಿಸಿ ಬರುವ ಹೊತ್ತಿಗೆ ಅವರಿಬ್ಬರು ಅಕ್ಕತಂಗಿಯರ ಹಾಗೆ ಕಟ್ಟೆಯ ಮೇಲೆ ಕೂತಿರುತ್ತಿದ್ದರು.

ಹೊರಡುವ ದಿನ ಅವ್ವನ ಮುಖ ಸಣ್ಣದಾಗಿತ್ತು. ಅವರು ಅವಳ ಕೈಗೆ ಹಪ್ಪಳದ ಕಟ್ಟು ಕೊಟ್ಟು, "ದಾಂಡೇಲಿಯದ್ದೂ ನಮ್ಮದೇ ಅಲ್ವಾ, ಯಾಕೆ ಹೆದರ್ತೀರಿ? ಇಲ್ಲಿ ಇದ್ದ ಹಾಗೇ ಇರಿ" ಎಂದರು. ಅವರು ಅದನ್ನು ನಂಬಿಯೇ ಹೇಳಿದ್ದರು.

ದಾಂಡೇಲಿಯಲ್ಲಿ ಅದೇ ಹಸಿರು ಹಲಗೆ ಕಂಡಾಗ ಅವ್ವ "ಬಂತು ನಮ್ಮ ಮನಿ" ಎಂದು ಟ್ರಂಕು ಎತ್ತಿಕೊಂಡು ನನಗಿಂತ ಮುಂದೆ ನಡೆದಳು.

ಒಳಗೆ ಮೇಜಿನ ಹಿಂದೆ ಕೂತಿದ್ದ ಮ್ಯಾನೇಜರು ಮಾಲಕರ ತಂಗಿಯ ಮಗ. ನಮ್ಮ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಬಾಗಿಲ ಕಡೆ ನೋಡಿದ.

"ಗಂಡಸರು ಯಾರೂ ಇಲ್ವಾ?"

"ಇಲ್ಲರಿ. ನಾನು, ನಮ್ಮವ್ವ."

"ಹಾಗೆಲ್ಲ ಹೆಂಗಸರಿಗೆ ಮಾತ್ರ ರೂಮು ಕೊಡುವ ಪದ್ಧತಿ ಇಲ್ಲ."

ಹಳಿಯಾಳದಲ್ಲಿ ಇದೇ ಹೆಸರಿನ ಜಾಗದಲ್ಲಿ ಇದ್ದು ಬಂದೆವೆಂದು, ಕಂಪನಿಯವರು ಮೊದಲೇ ತಿಳಿಸಿದ್ದಾರೆಂದು ಹೇಳಿದೆ. ಗೊಣಗುತ್ತಲೇ ಹಿಂದಿನ ಸಾಲಿನ ಕೊನೆಯ ಕೋಣೆ ತೋರಿಸಿದ. ಬಾಗಿಲು ಹಸಿರೇ, ಆದರೆ ಚಿಲಕ ಕಿತ್ತುಹೋಗಿತ್ತು. ಹೇಳಿದರೆ "ನಾಳೆ ಬಡಗಿ ಬರ್ತಾನೆ" ಎಂದ. ಬಡಗಿ ಬರಲೇ ಇಲ್ಲ. ಮಲಗುವ ಮೊದಲು ನಾವು ಟ್ರಂಕುಗಳನ್ನು ಬಾಗಿಲಿಗೆ ಅಡ್ಡ ಎಳೆದಿಡುತ್ತಿದ್ದೆವು. ಗಾದಿಯ ಹೊಲಿಗೆಯ ಸಂದಿಗಳಲ್ಲಿ ತಗಣಿ. ಅಲ್ಲಿ ಇಳಿದುಕೊಳ್ಳುತ್ತಿದ್ದವರು ಜೋಯಿಡಾ ಕಡೆಯ ಕಾಡಿನಿಂದ ಬರುವ ಮರದ ಗುತ್ತಿಗೆದಾರರ ಕಡೆಯವರು, ಬಿದಿರಿನ ಲಾರಿಯವರು, ಅಲ್ಲಿಯ ಕಾಗದದ ಮಿಲ್ಲಿನಲ್ಲಿ ಕೆಲಸ ಹುಡುಕಿಕೊಂಡು ಬಂದವರು. ಅವರೇನೂ ಕೆಟ್ಟವರೆಂದು ನಾನು ಹೇಳಲಾರೆ. ಆದರೆ ಬಚ್ಚಲು ಎಲ್ಲರಿಗೂ ಒಂದೇ, ಅದರ ಬಾಗಿಲಿನ ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು. ನಾನು ಸ್ನಾನಕ್ಕೆ ಹೋದರೆ ಅವ್ವ ಹೊರಗೆ ಸೀರೆಯೊಂದನ್ನು ಹರಡಿ ಹಿಡಿದು ನಿಲ್ಲುತ್ತಿದ್ದಳು. ಅವಳು ಹೋದರೆ ನಾನು.

ಮಿಲ್ಲಿನವರ ಕಾಲೊನಿ ಬಂಗೂರನಗರದಲ್ಲಿ ನನ್ನ ಕ್ಲಾಸು. ಮಿಲ್ಲಿನವರ ಮನೆಯ ಹೆಂಗಸರು ಬರುತ್ತಿದ್ದರು. ಮಿಲ್ಲಿನ ಭೋಂಗಾ ಕೂಗಿದ ಕೂಡಲೇ ಗಂಡಂದಿರಿಗೆ ಊಟಕ್ಕೆ ಬಡಿಸಲು ಎದ್ದು ಓಡುವರು. ನಾನು ಪೋಲಕದ ತೋಳು ಹೇಗೆ ಕೂಡಿಸುವುದೆಂದು ಹೇಳುತ್ತಿರುವಾಗಲೂ ಮನಸ್ಸೆಲ್ಲ ಆ ಚಿಲಕವಿಲ್ಲದ ಕೋಣೆಯಲ್ಲಿ ಕೂತ ಅವ್ವನ ಮೇಲೆ. "ಊರಿಗೆ ಹೋಗೂಣು" ಎಂದು ಅವಳು ಒಂದು ಸಲವೂ ಅನ್ನಲಿಲ್ಲ. ಹೋದರೆ ಅಣ್ಣ ಗೆದ್ದಂತಾಗುತ್ತದೆ, ನನ್ನ ಕೆಲಸ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಆಮೇಲೆ ಅವ್ವನಿಗೆ ಜ್ವರ ಬಂತು. ಮೊದಮೊದಲು ತಲೆನೋವು ಎಂದಳು. ಕಷಾಯ ಮಾಡಿಕೊಡೋಣವೆಂದರೆ ಮ್ಯಾನೇಜರು ಅಡುಗೆಮನೆಯೊಳಗೆ ಬಿಡಲಿಲ್ಲ. ಜ್ವರ ಇಳಿಯಲಿಲ್ಲ, ದಿನದಿನಕ್ಕೆ ಏರಿತು. ಡಾಕ್ಟರರು ಬಂದು ನಾಲಗೆ ನೋಡಿ, ಹೊಟ್ಟೆ ಒತ್ತಿ ನೋಡಿ, "ಟೈಫಾಯಿಡ್ ಕಾಣಸ್ತದ. ನೀರು ಎಲ್ಲಿದು ಕುಡೀತೀರಿ?" ಎಂದು ಕೇಳಿದರು. ನಾನು ಮೂಲೆಯ ಮಣ್ಣಿನ ಕೊಡ ತೋರಿಸಿದೆ. ಅವರು ತಲೆ ಅಲ್ಲಾಡಿಸಿ ಮಾತ್ರೆ ಬರೆದುಕೊಟ್ಟರು.

ಡಾಕ್ಟರು ಬಂದು ಹೋದದ್ದು ಎಲ್ಲರ ಕಣ್ಣಿಗೂ ಬಿತ್ತು. ಸಂಜೆಯಾಗುವುದರೊಳಗೆ ಕೊನೆಯ ಕೋಣೆಯ ಮುದುಕಿಗೆ ಸಿಡುಬು ಎಂದು ಮಾತು ಹಬ್ಬಿತು. ಪಕ್ಕದ ಕೋಣೆಯವರು ಗಂಟು ಕಟ್ಟಿಕೊಂಡು ಹೋದರು. ಮರುದಿನ ಬೆಳಿಗ್ಗೆ ಮ್ಯಾನೇಜರು ನಮ್ಮ ಬಾಗಿಲಿಂದ ದೂರದಲ್ಲೇ ನಿಂತು, ಮೂಗಿಗೆ ಟವೆಲು ಹಿಡಿದುಕೊಂಡು ಹೇಳಿದ:

"ನೀವು ಇವತ್ತೇ ಖಾಲಿ ಮಾಡಬೇಕು. ನಮ್ಮ ಹೆಸರು ಹಾಳಾಗ್ತದೆ."

"ಸಿಡುಬಲ್ಲರಿ. ಡಾಕ್ಟರರನ್ನ ಕೇಳ್ರಿ. ಈ ಜ್ವರದಾಗ ನಮ್ಮವ್ವನ್ನ ಎಲ್ಲಿ ಒಯ್ಯಲಿ ನಾನು?"

"ಅದು ನನಗೆ ಗೊತ್ತಿಲ್ಲ. ಮಧ್ಯಾಹ್ನದ ಒಳಗೆ ರೂಮು ಬಿಡಿ."

ಅವ್ವ ಕಣ್ಣು ಮುಚ್ಚಿಕೊಂಡೇ ಏನೋ ಬಡಬಡಿಸುತ್ತಿದ್ದಳು, ಅಪ್ಪನನ್ನು ಕರೆಯುತ್ತಿದ್ದಳು. ಆ ಊರಿನಲ್ಲಿ ನನಗೆ ಗೊತ್ತಿದ್ದವರೆಂದರೆ ಕ್ಲಾಸಿನ ಹೆಂಗಸರು ಮಾತ್ರ. ಸಿಡುಬಿನ ಮಾತು ಹಬ್ಬಿದ ಮೇಲೆ ಯಾರ ಮನೆ ಬಾಗಿಲಿಗೆ ಹೋಗುವುದು? ಅವಳ ಹಣೆಗೆ ಒದ್ದೆ ಬಟ್ಟೆ ಹಾಕಿ ಬಸ್‌ಸ್ಟ್ಯಾಂಡಿಗೆ ಓಡಿದೆ. ಹಳಿಯಾಳಕ್ಕೆ ಹೊರಟಿದ್ದ ಬಸ್ಸಿನ ಕಂಡಕ್ಟರರಿಗೆ ಕೈ ಮುಗಿದೆ. "ಅಣ್ಣಾರ, ಹಸಿರು ಬೋರ್ಡಿನ ಲಾಜಿನ ಯಜಮಾನತಿಗೆ ಒಂದ ಮಾತು ಮುಟ್ಟಸ್ರಿ. ಹೊಲಿಗಿ ಕಲಸೂ ಹುಡುಗಿಯ ಅವ್ವ ಭಾಳ ಸೀರಿಯಸ್ ಅದಾಳ, ಹೊರಗ ಹಾಕಾಕತ್ತಾರ ಅಂತ ಹೇಳ್ರಿ." ಅವರು ನನ್ನ ಮುಖ ನೋಡಿ ಹೆಚ್ಚೇನೂ ಕೇಳಲಿಲ್ಲ. "ಮುಟ್ಟಸ್ತೇನಿ, ನೀ ಹೋಗವಾ ತಾಯಿ ಕಡೆ" ಎಂದರು.

ಮಧ್ಯಾಹ್ನದ ಹೊತ್ತಿಗೆ ನಮ್ಮ ಟ್ರಂಕುಗಳು ಅಂಗಳಕ್ಕೆ ಬಂದಿದ್ದವು. ಅವ್ವನನ್ನು ಎಬ್ಬಿಸಲು ಮಾತ್ರ ಯಾರಿಗೂ ಧೈರ್ಯವಾಗಿರಲಿಲ್ಲ. ನಾನು ಹೊಸ್ತಿಲಲ್ಲಿ ಅಡ್ಡ ಕೂತಿದ್ದೆ. ಆಗ ಯಜಮಾನತಿ ಬಂದರು, ಕೆಲಸದ ಸೀರೆಯಲ್ಲೇ, ಸೆರಗಿನ ಮೇಲೆ ಅಕ್ಕಿಹಿಟ್ಟು.

ಅವರು ದಾಂಡೇಲಿಯ ಲಾಜಿಗೆ ಕಾಲಿಟ್ಟದ್ದು ಅದು ಎರಡನೆಯ ಸಲವಂತೆ. ಮೊದಲ ಸಲ ಬಂದದ್ದು ಶುರುವಾದ ದಿನದ ಪೂಜೆಗೆ. ನೇರ ಒಳಗೆ ಬಂದು ಅವ್ವನ ಕೆನ್ನೆ ಮುಟ್ಟಿದರು. ಗಾದಿಯ ಮೂಲೆ ಎತ್ತಿ ನೋಡಿದರು. ಕೊಡದ ನೀರನ್ನು ಲೋಟದಲ್ಲಿ ತೆಗೆದು ಬೆಳಕಿಗೆ ಹಿಡಿದರು. ಆಮೇಲೆ ಬಾಗಿಲ ಹತ್ತಿರ ಬಂದು, ಚಿಲಕ ಇರಬೇಕಾದ ಜಾಗದಲ್ಲಿದ್ದ ಮೊಳೆಯ ತೂತುಗಳ ಮೇಲೆ ಬೆರಳಾಡಿಸಿದರು.

"ಈ ನೀರು ಎಲ್ಲಿಯದ್ದು?" ಎಂದು ಮ್ಯಾನೇಜರನ್ನು ಕೇಳಿದರು.

"ಹೊಳೆಯದ್ದು ಅತ್ತೆ. ಗಾಡಿಯವನು ಪೀಪಾಯಿಯಲ್ಲಿ ತರ್ತಾನೆ."

"ಕಾಯಿಸುದಿಲ್ವಾ?"

"ಇಷ್ಟು ಜನಕ್ಕೆ ಕಾಯಿಸಿದರೆ ಕಟ್ಟಿಗೆ ಎಷ್ಟು ಬೇಕು? ಮಾವನೇ ಹೇಳಿದ್ರು, ಬೇಡ ಅಂತ."

"ಕಟ್ಟಿಗೆಯ ಊರಿನಲ್ಲಿ ಕೂತು ನೀರು ಕಾಯಿಸಲಿಕ್ಕೆ ಕಟ್ಟಿಗೆ ಇಲ್ಲ ಅಂತೀಯಾ?" ಅವರು ಕೂಗಲಿಲ್ಲ, ಅಳುವವರ ಹಾಗೆ ಕೇಳಿದರು.

ಬಾಡಿಗೆಗೆ ಒಂದು ಕಾರು ತರಿಸಿ ಅವ್ವನನ್ನು ತಮ್ಮ ತೊಡೆಯ ಮೇಲೆ ಮಲಗಿಸಿಕೊಂಡು ಹಳಿಯಾಳಕ್ಕೆ ಕರೆದೊಯ್ದರು. ಅಲ್ಲಿ ತಮ್ಮ ಸ್ವಂತ ಕೋಣೆಯಲ್ಲೇ ಮಲಗಿಸಿದರು. ಗಂಜಿ ತಿಳಿ ಕುಡಿಸಿದವರು, ಮೈ ಒರೆಸಿದವರು, ಕೊಳೆಯಾದ ಬಟ್ಟೆ ಒಗೆದವರು ಅವರೇ. ನಾನು ಮುಂದೆ ಹೋದರೆ, "ನೀನು ಕೂತ್ಕೋ ಮಗಳೇ, ಇದು ನನ್ನ ಮನೆಯ ನೀರಿನಿಂದ ಬಂದ ಕಾಯಿಲೆ" ಎನ್ನುತ್ತಿದ್ದರು.

ಒಂದು ದಿನ ಮಾಲಕರು ಬಂದರು. ಪಕ್ಕದ ಕೋಣೆಯಲ್ಲಿ ಗಂಡಹೆಂಡಿರ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಅಲ್ಲಿ ಬರುವ ಜನರಿಗೆ ಅಷ್ಟೇ ಸಾಕು" ಎಂದರು ಮಾಲಕರು. "ಲಾರಿಯವರು ಬಿಸಿ ನೀರು ಕೇಳ್ತಾರಾ? ಎಲ್ಲ ಕಡೆ ಹಳಿಯಾಳದ ಹಾಗೆ ನಡೆಸಿದರೆ ನಾವು ಬೀದಿಗೆ ಬರ್ತೇವೆ."

"ಹಾಗಿದ್ರೆ ಎಲ್ಲ ಕಡೆ ಒಂದೇ ಹೆಸರು ಯಾಕೆ ಬರೆಸಿದಿರಿ? ಆ ಹೆಸರು ನಂಬಿ ನಾನೇ ಇವರನ್ನು ಕಳಿಸಿದ್ದು."

"ನೀನೊಬ್ಬಳು ಎಷ್ಟು ಊರಲ್ಲಿ ಇರ್ತೀ?"

ಆಮೇಲೆ ಯಜಮಾನತಿ ಪಾತ್ರೆ ಜೋಡಿಸುವ ಸದ್ದು ಕೇಳಿತು.

ಅವ್ವ ಬದುಕಿದಳು. ಜ್ವರ ಬಿಟ್ಟ ಮೇಲೆ ಒಂದು ಬೆಳಿಗ್ಗೆ ನಾನು ಹಿಂದಿನಿಂದ "ಅವ್ವಾ" ಎಂದರೆ ತಿರುಗಲಿಲ್ಲ. ಮತ್ತೆ ಕರೆದೆ. ಎದುರಿಗೆ ಹೋಗಿ ನಿಂತಾಗ, "ಎಲ್ಲಾರೂ ಯಾಕ ಇಷ್ಟ ಸಣ್ಣಗ ಮಾತಾಡ್ತೀರಿ?" ಎಂದು ಸಿಟ್ಟು ಮಾಡಿದಳು. ಕಿವಿ ಹೋಗಿದ್ದವು. ಇಂಥ ಜ್ವರದಲ್ಲಿ ಕೆಲವರಿಗೆ ಹೀಗಾಗುತ್ತದೆ ಎಂದರು ಡಾಕ್ಟರರು. ಯಜಮಾನತಿ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಣ್ಣ ಬಂದು ಅವ್ವನನ್ನು ಧಾರವಾಡಕ್ಕೆ ಕರೆದುಕೊಂಡು ಹೋದ. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು. ಮುಂಡಗೋಡದ ಕ್ಲಾಸಿಗೆ ಒಬ್ಬಳೇ ಹೋದೆ. ಅಲ್ಲಿಯ ಲಾಜು ಒಬ್ಬ ಮುದುಕ ಅಡುಗೆಯವರ ಕೈಯಲ್ಲಿತ್ತು. ಕೋಣೆ ಚೊಕ್ಕ, ಚಿಲಕ ಗಟ್ಟಿ, ಊಟ ಮಾತ್ರ ಬಾಯಿಗಿಡುವ ಹಾಗಿರಲಿಲ್ಲ. ಅವರು ನನ್ನನ್ನು ಮರ್ಯಾದೆಯಿಂದಲೇ ನೋಡಿಕೊಂಡರು. ಆದರೂ ಅಲ್ಲಿಯ ನೀರು ಕುಡಿಯಲು ನನಗೆ ಮನಸ್ಸಾಗಲಿಲ್ಲ. ಕ್ಲಾಸಿಗೆ ಬರುತ್ತಿದ್ದ ಒಬ್ಬಾಕೆಯ ಮನೆಯಿಂದ ಕಾಯಿಸಿದ ನೀರು ತಂದು ಕುಡಿದು ಆ ಕ್ಲಾಸು ಮುಗಿಸಿದೆ.

ಮುಂದಿನ ವರ್ಷ ಮತ್ತೆ ಹಳಿಯಾಳಕ್ಕೆ ಹೋಗಬೇಕಾಯಿತು. ಯಜಮಾನತಿ ಇರುತ್ತಾರೆಂಬ ಸಮಾಧಾನದಲ್ಲಿ ಹೋದರೆ ಮೇಜಿನ ಹಿಂದೆ ಕೂತಿದ್ದವನು ದಾಂಡೇಲಿಯ ಆ ಮ್ಯಾನೇಜರು. ಚಾದರದ ಮೇಲೆ ಎಣ್ಣೆಯ ಕಲೆ, ಬಚ್ಚಲಲ್ಲಿ ಪಾಚಿ, ತಣ್ಣೀರು. ಯಜಮಾನತಿ ಗಂಡನ ಮಾತು ಕೇಳದೆ ದಾಂಡೇಲಿಗೆ ಹೋಗಿ ನಿಂತಿದ್ದರಂತೆ. ನಾನು ರಜೆಯ ದಿನ ಬಸ್ಸು ಹತ್ತಿ ಅಲ್ಲಿಗೆ ಹೋದೆ. ಲಾಜು ಹೊಳೆಯುತ್ತಿತ್ತು. ಅಂಗಳದ ತುಂಬ ಗಾದಿಗಳು ಬಿಸಿಲು ಕಾಯುತ್ತಿದ್ದವು. ಲಾರಿ ಡ್ರೈವರೊಬ್ಬ ಹೊಸ ಹಂಡೆಯಿಂದ ಬಿಸಿನೀರು ತೋಡಿಕೊಳ್ಳುತ್ತಿದ್ದ. ಯಜಮಾನತಿ ಮಾತ್ರ ಅರ್ಧಕ್ಕೆ ಇಳಿದಿದ್ದರು, ಮಾತಿಗೊಮ್ಮೆ ಕೆಮ್ಮು.

"ಹಳಿಯಾಳ ಹೇಗುಂಟು?" ಎಂದು ಕೇಳಿದರು.

ಅಲ್ಲಿ ಈಗ ತಣ್ಣೀರು ಎಂದೆ. ಅವರಿಗೆ ತಿಳಿಯಿತು. ಹಂಡೆಯ ಕೆಳಗೆ ಇನ್ನೊಂದು ಕಟ್ಟಿಗೆ ತಳ್ಳಿದರು. "ನಿಮ್ಮ ಅಮ್ಮನನ್ನು ನೋಡಬೇಕು ನಾನು" ಎಂದರು.

ಕೆಲವು ತಿಂಗಳ ಮೇಲೆ ಅವರು ನಿಜವಾಗಿಯೂ ಧಾರವಾಡಕ್ಕೆ ಬಂದರು. ಅವ್ವನ ಎದುರಿಗೆ ಚಾಪೆಯ ಮೇಲೆ ಕೂತು ಅವಳ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಮಾತಾಡಿದರು. ತಮ್ಮಿಂದ ತಪ್ಪಾಯಿತೆಂದರು, ನೋಡದೆ ಮಾತು ಕೊಡಬಾರದಿತ್ತೆಂದರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. ಅವ್ವ ಅವರ ತುಟಿಗಳನ್ನೇ ನೋಡುತ್ತಿದ್ದಳು. ಅವಳಿಗೆ ಏನು ತಿಳಿಯಿತೋ, ಮತ್ತೆ ಲಾಜಿಗೆ ಬನ್ನಿ ಎಂದು ಕರೆಯಲು ಬಂದಿದ್ದಾರೆ ಎಂದುಕೊಂಡಳು.

"ಇಲ್ಲ ಅಕ್ಕಾರ" ಎಂದಳು ದೊಡ್ಡ ದನಿಯಲ್ಲಿ. ಕಿವಿ ಹೋದ ಮೇಲೆ ಅವಳ ದನಿ ದೊಡ್ಡದಾಗಿತ್ತು. "ಇನ್ನ ನಾ ಎಲ್ಲೂ ಬರಾಂಗಿಲ್ಲ. ನೀವು ಬೇಕಾದ್ರ ಇಲ್ಲೇ ಇರ್ರಿ. ಭಾಳ ಸೊರಗೀರಿ."

ನಾನು ತಿದ್ದಲು ಬಾಯಿ ತೆರೆದೆ. ಯಜಮಾನತಿ ಬೇಡವೆಂದು ಕೈ ಸನ್ನೆ ಮಾಡಿದರು. ಅವ್ವ ಎದ್ದು ಒಳಗೆ ಹೋಗಿ ಒಲೆ ಹೊತ್ತಿಸಿದಳು. ಅವರು ಅಲ್ಲೇ ಗೋಡೆಗೆ ಒರಗಿ, ಸೆರಗಿನಿಂದ ಮುಖ ಒರೆಸಿಕೊಂಡು ಕೂತರು. ಆ ದಿನ ಊಟ ಮಾಡಿ, ಸಂಜೆಯ ಬಸ್ಸಿಗೆ ದಾಂಡೇಲಿಗೆ ಹೋದರು.