ಮಂಡೆಕೋಲಿನಲ್ಲಿ ಕಾದ ಅರ್ಧ ಗಂಟೆ

ಈ ಪ್ರಯಾಣದ ಸಂಗತಿ ಬರೆಯದೆ ಎರಡು ಮಳೆಗಾಲ ಕಳೆದೆ. ಬರೆದರೆ ಅದರ ಹಿಂದಿನದ್ದನ್ನೂ ಹೇಳಬೇಕಲ್ಲ ಎಂಬ ಹೆದರಿಕೆ.

ರಕ್ತದೊತ್ತಡದ ಅಧ್ಯಯನಕ್ಕಾಗಿ ಮನೆಮನೆಗೆ ಹೋಗುವ ಶ್ವೇತಾ ಎಂಬ ಹುಡುಗಿಗೆ ದಾರಿ ತೋರಿಸಲು ಪುತ್ತೂರಿನಿಂದ ಹೊರಟೆ. ಹಿಂದೆ ಇಂಥದೇ ಕೆಲಸಕ್ಕೆ ಆ ಕಡೆ ತಿರುಗಿದವನು ನಾನು. ಸುಳ್ಯದಲ್ಲಿ ಬನ್ಸ್, ಚಹಾ ಮುಗಿಸಿ ಮಂಡೆಕೋಲಿನ ಬಸ್ಸು ಹಿಡಿದೆವು. ಸೆಕೆಗೆ ಅಂಗಿ ಬೆನ್ನಿಗಂಟಿತ್ತು.

ಕೊನೆಯ ಮನೆ ತಲುಪಿದಾಗ ಮೂರೂವರೆ. ನಾಲ್ಕಕ್ಕೆ ಹಿಂದಿರುಗುವ ಬಸ್ಸು. ಮನೆಯ ಅಜ್ಜಿ ನಮಗೆ ಬೆಲ್ಲ, ನೀರು ಕೊಟ್ಟು, ಎಲೆಯಡಿಕೆ ಮೆಲ್ಲುತ್ತಲೇ ತೋಳು ಚಾಚಿದರು. ಶ್ವೇತಾ ಯಂತ್ರ ಹೊರತೆಗೆಯಲಿಲ್ಲ.

"ಬಾಯಿ ತೊಳೆದು ಬನ್ನಿ ಅಜ್ಜಿ. ಎಲೆಯಡಿಕೆಗೆ ಒತ್ತಡ ಏರ್ತದೆ, ಅರ್ಧ ಗಂಟೆ ಬಿಟ್ಟು ನೋಡುವ."

"ಎಂತಕ್ಕೆ? ಎಲೆ ಇರುದು ಬಾಯಲ್ಲಿ, ಕೈಯಲ್ಲಿ ಅಲ್ಲ!"

ನಾನೂ ಅವಸರಪಡಿಸಿದೆ. "ಬಸ್ಸು ಹೋಗ್ತದೆ ಮಾರಾಯ್ತಿ. ಈಗಲೇ ನೋಡಿ ಬರೆ. ಯಾರು ಕೇಳ್ತಾರೆ?"

"ಅಧ್ಯಯನದ ಸಮಿತಿ ಒಪ್ಪಿದ ಕ್ರಮದಲ್ಲಿ ಹೀಗೇ ಉಂಟು ಅಜ್ಜ. ನಾನು ತಪ್ಪು ಬರೆದ್ರೆ ನಾಳೆ ಮದ್ದು ತಪ್ಪುದು ಇಂಥವರಿಗೇ."

ಕೆಳಗಿನ ರಸ್ತೆಯಲ್ಲಿ ಬಸ್ಸು ಹೋದ ಸದ್ದು ಕೇಳಿತು. ಅವಳು ತಿರುಗಿಯೂ ನೋಡಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಅಜ್ಜಿಯನ್ನು ಬೆನ್ನು ಒರಗಿಸಿ ಕೂರಿಸಿ, ಐದು ನಿಮಿಷ ಮಾತಾಡಬಾರದು ಎಂದಳು.

"ಮದುವೆ ದಿನವೂ ನಾನು ಇಷ್ಟು ಹೊತ್ತು ಬಾಯಿ ಮುಚ್ಚಿದವಳಲ್ಲ" ಎಂದು ಅಜ್ಜಿ ನಕ್ಕು, ಆಮೇಲೆ ಸುಮ್ಮನೆ ಕುಳಿತರು. ಶ್ವೇತಾ ಮೂರು ಸಲ ಅಳೆದಳು. ಮೊದಲನೆಯದು ಉಳಿದೆರಡಕ್ಕಿಂತ ಜಾಸ್ತಿ ಇತ್ತು. ಅದನ್ನೂ ಹಾಗೆಯೇ ಬರೆದಳು. ಅಷ್ಟು ಸಣ್ಣ ಪ್ರಾಯಕ್ಕೆ ಅಂಥ ತಾಳ್ಮೆ! ಕೈಮುಗಿಯಬೇಕೆನಿಸಿತು.

ಹಿಂದೆ ಆ ಕೆಲಸದಲ್ಲಿದ್ದಾಗ ನಾನು ಹೀಗೆ ಕಾದವನಲ್ಲ. ಎಲೆ ಮೆಲ್ಲುವ ಊರಲ್ಲಿ ಅರ್ಧ ಗಂಟೆ ಯಾರು ಕೂರುತ್ತಾರೆ ಎಂದು, ಸುಳ್ಯದ ಹೋಟೆಲಿನ ಮೇಜಿನ ಮೇಲೆ ಮನಸ್ಸಿಗೆ ಬಂದ ಅಂಕೆಗಳನ್ನು ತುಂಬಿದವನು. ಮೇಲಿನವರು ಹಿಡಿದು ಕೇಳಿದಾಗ, "ಅಳೆದದ್ದು ನನ್ನ ಜೊತೆ ಕೆಲಸ ಮಾಡುವವರು, ನಾನು ಬರೆದದ್ದು ಮಾತ್ರ" ಎಂದೆ. ಆ ಮಾತು ಕೇಳಿಸಿಕೊಳ್ಳಲು ಆಕೆ ಇರಲಿಲ್ಲ, ಅಂದು ರಜೆಯಲ್ಲಿದ್ದರು. ಅವರ ಕೆಲಸ ಹೋಯಿತು. ಒತ್ತಡ ಅಳೆಯುವ ತೋಳಿನ ಪಟ್ಟಿಯನ್ನು ಮಡಚಿ ನನ್ನ ಕೈಗೆ ಕೊಟ್ಟು ಹೋದರು.

ರಬ್ಬರ್ ಶೀಟು ತುಂಬಿದ ಪಿಕಪ್ಪಿನಲ್ಲಿ ಸುಳ್ಯಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಪುತ್ತೂರಿಗೆ ಬಂದೆವು. ನಿಲ್ದಾಣದಲ್ಲಿ ಉಪ್ಪಿನಂಗಡಿ ಮಾರ್ಗವಾಗಿ ಕಡಬಕ್ಕೆ ಹೋಗುವ ಬಸ್ಸು ನಿಂತಿತ್ತು. ಮೆಟ್ಟಿಲಿಗೆ ಕಾಲಿಟ್ಟೆ, ಕಾಲು ತೆಗೆದೆ. ಅದು ಕೊಯಿಲದಲ್ಲಿ ನಿಲ್ಲುತ್ತದೆ. ಅಲ್ಲಿ ಇಳಿದರೆ, ನನ್ನ ಮಾತಿನಿಂದ ಕೆಲಸ ಕಳೆದುಕೊಂಡವರ ಮನೆ.

ಅವರ ಹೆಸರು ಗುಲಾಬಿ.