ಸುಣ್ಣದ ಗೋಡೆಯ ಮುಂದೆ ಈರಮ್ಮ

ಕ್ಯಾಮರಾದ ಲೆನ್ಸಿನ ಪಕ್ಕದ ಪುಟ್ಟ ಗುಂಡಿ ‘ಎ’ ಅಕ್ಷರದ ಮೇಲಿತ್ತು. ಅಲ್ಲಿಂದ ‘ಎಂ’ಗೆ ಒಂದು ಉಗುರಿನಷ್ಟು ದೂರ. ನಾನು ಅದನ್ನು ಸರಿಸಲಿಲ್ಲ—ಸರಿಸದಿದ್ದ ತಪ್ಪನ್ನು ಇನ್ನೊಬ್ಬಳ ಮೇಲೆ ಹೊರಿಸಿದೆ. ಆಕೆಯ ಹೆಸರು ಈರಮ್ಮ, ಊರು ಆದಿವಾಲ.

ಎಂ.ಎ. ಮುಗಿಸಿ ನಾನು ಸೇರಿದ ಸಂಸ್ಥೆ ಹಿರಿಯೂರಿನಲ್ಲಿ ಉಣ್ಣೆ ನೂಲುವುದನ್ನು ಕಲಿಸುವ ಕೇಂದ್ರ ತೆರೆಯಲಿತ್ತು. ಕಲಿಸಲು ಒಬ್ಬ ಹೆಂಗಸು ಬೇಕಿತ್ತು. ಆಯ್ಕೆ ಮಾಡುವ ಹಿರಿಯರು ಹಳ್ಳಿ ಹಳ್ಳಿ ತಿರುಗಲಾರರು. ಅವರ ಬದಲು ವಿಡಿಯೊ ಕ್ಯಾಮರಾ ಹೊತ್ತು ನಾನು ತಿರುಗಿದೆ. ಈರಮ್ಮ ಕುರಿಹಿಂಡಿನ ಹಿಂದೆ ವರ್ಷದ ಬಹುಪಾಲು ಊರೂರು ಅಲೆಯುವ ಮನೆಯವಳು. ಈ ಕೆಲಸ ಸಿಕ್ಕರೆ ಒಂದೇ ಕಡೆ ನೆಲೆ ನಿಂತು ಮಗಳನ್ನು ಓದಿಸಬಹುದು—ಆಕೆಯ ಆಸೆ ಅಷ್ಟೇ.

ನಾನು ಬರುವೆನೆಂದು ಹಿಂದಿನ ದಿನವೇ ಮಣ್ಣಿನ ಗೋಡೆಗೆ ಸುಣ್ಣ ಬಳಿದಿದ್ದಳು.

“ಗೋಡೆ ಚಂದ ಕಾಣ್ತೈತೇನ್ರಿ ಅಕ್ಕಾರೆ? ಕೈಯೆಲ್ಲ ಸುಟ್ಟೈತೆ ನೋಡ್ರಿ. ನಿನ್ನ ಮದ್ವೀಗೂ ಇಷ್ಟು ಸುಣ್ಣ ಬಳಿದಿರಲಿಲ್ಲ ಅಂತ ನಮ್ಮತ್ತೆ ಆಡ್ಕಂತಾಳೆ,” ಎಂದು ನಕ್ಕಳು.

ಹನ್ನೊಂದರ ಬಿಸಿಲು. ಆ ಗೋಡೆಯ ಮುಂದೆಯೇ ಕೂತು ಆಕೆ ನೂಲತೊಡಗಿದಳು, ನಾನು ಕ್ಯಾಮರಾ ಹಿಡಿದೆ. ಗೋಡೆ ಕಣ್ಣು ಕುಕ್ಕುತ್ತಿತ್ತು. ಆಕೆಯ ಮುಖ ತಲೆಯ ಮೇಲಿನ ಸೆರಗಿನ ನೆರಳಿನಲ್ಲಿತ್ತು. ಗುಂಡಿ ‘ಎಂ’ ಮೇಲಿದ್ದರೆ ಲೆನ್ಸಿನ ಬೆಳಕಿನ ಕಿಂಡಿಯನ್ನು ನಾವೇ ಕೈಯಾರೆ ಹೊಂದಿಸಬೇಕು. ‘ಎ’ ಮೇಲಿದ್ದರೆ ಅದನ್ನು ಯಂತ್ರ ತಾನೇ ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ಆದರೆ ಮುಖ ಯಾವುದು, ಗೋಡೆ ಯಾವುದು ಅದಕ್ಕೆ ತಿಳಿಯದು. ಇಷ್ಟೊಂದು ಬಿಳುಪು ಕಂಡು ಕಿಂಡಿ ಕುಗ್ಗಿತು. ಗೋಡೆ ಹಿತವಾಗಿ ಮೂಡಿತು, ಈರಮ್ಮ ಕಪ್ಪಾದಳು. ಕ್ಯಾಮರಾದ ಪುಟ್ಟ ಪರದೆಯಲ್ಲಿ ನನಗದು ಕಂಡಿತ್ತು—ಕಾಣಲಿಲ್ಲ ಎಂದರೆ ಸುಳ್ಳು. ಬಿಸಿಲಿಗೆ ಪರದೆ ಮಂಕಾಗಿದೆ ಅಂದುಕೊಂಡೆ. ಯಂತ್ರ ತಪ್ಪುವುದಿಲ್ಲ, ಅದರ ಪುಸ್ತಕ ಓದಿದ ನಾನೂ ತಪ್ಪುವುದಿಲ್ಲ.

ಹೊರಡುವಾಗ ಆಕೆ ತಾನು ನೂತ ಕರಿ ಉಣ್ಣೆಯ ಒಂದು ಉಂಡೆ ಕೊಟ್ಟಳು. “ಇಟ್ಕಳ್ರಿ, ನೆಪ್ಪಿಗಿರ್ಲಿ.”

ವಾರದ ಮೇಲೆ ಹಿರಿಯೂರಿನ ಕಚೇರಿಯಲ್ಲಿ ಟಿ.ವಿ. ಮುಂದೆ ಎಲ್ಲರೂ ಕೂತೆವು. ಅರ್ಜಿ ಹಾಕಿದ ಹೆಂಗಸರೂ ಬಂದಿದ್ದರು. ಬಿ.ದುರ್ಗದವಳು ಬೇವಿನ ನೆರಳಿನಲ್ಲಿ ನೂತಿದ್ದಳು. ಬೆರಳ ಚಲನೆಯೆಲ್ಲ ಸ್ಪಷ್ಟ. ಆಮೇಲೆ ಈರಮ್ಮ—ಬೆಳ್ಳನೆಯ ಗೋಡೆ, ಅದರ ಮುಂದೊಂದು ಕಪ್ಪು ಆಕಾರ. ಬೆರಳಿಲ್ಲ, ಎಳೆಯಿಲ್ಲ, ಮುಖವಿಲ್ಲ.

“ಏನಮ್ಮ, ನೂಲೋರನ್ನ ತೋರ್ಸು ಅಂದ್ರೆ ನೆರಳು ತೋರಿಸ್ತೀಯಲ್ಲ?” ಎಂದರು ಆಯ್ಕೆ ಸಮಿತಿಯ ಅಧ್ಯಕ್ಷರು. ಯಾರೋ ನಕ್ಕರು.

ನಾನು ಹೇಳಿದ್ದು ಅಕ್ಷರ ಬಿಡದೆ ನೆನಪಿದೆ: “ಮರದ ಕೆಳಗೆ ಕೂತ್ಕೊಳ್ಳಿ ಅಂದಿದ್ದೆ ಸರ್. ಆಕೆ ಮಾತು ಕೇಳಲಿಲ್ಲ.”

ನಾನು ಹಾಗೆ ಅಂದಿರಲೇ ಇಲ್ಲ.

ಈರಮ್ಮ ನನ್ನತ್ತ ತಿರುಗಿದಳು. ಸಿಟ್ಟಿರಲಿಲ್ಲ—ಏನನ್ನೋ ನೆನಪು ಮಾಡಿಕೊಳ್ಳುತ್ತಿರುವಂತಿತ್ತು. “ಅಂದಿದ್ರೇನೋ ಸಾರ್... ನಂಗೇ ಕೇಳ್ಸಿಲ್ಲ ಅಂತ ಕಾಣ್ತೈತೆ,” ಎಂದಳು.

ಇನ್ನೊಮ್ಮೆ ತೆಗೆಯೋಣವೇ ಎಂದು ಸದಸ್ಯರೊಬ್ಬರು ಕೇಳಿದರು. “ಹೇಳಿದ್ದು ಕೇಳದೋಳು ಇನ್ನೊಬ್ರಿಗೇನು ಕಲಿಸ್ತಾಳೆ, ಬಿಡ್ರಿ,” ಎಂದರು ಅಧ್ಯಕ್ಷರು. ಕೆಲಸ ಬಿ.ದುರ್ಗದವಳಿಗೆ ಹೋಯಿತು. ಅಂದರೆ ಕೆಲಸ ಕಳೆದದ್ದು ಆ ಕಪ್ಪು ಚಿತ್ರವಲ್ಲ, ನನ್ನ ಮಾತು.

ನಾಲ್ಕು ವರ್ಷವಾಯಿತು. ಈರಮ್ಮನಿಗೆ ಓದು ಬಾರದು, ಆದ್ದರಿಂದ ಇಲ್ಲಿ ಬರೆದಷ್ಟಕ್ಕೆ ಮುಗಿಯುವುದಿಲ್ಲ. ಇದು ಅಚ್ಚಾಗುವ ಮೊದಲು ಆದಿವಾಲಕ್ಕೆ ಹೋಗಿ, ಆಕೆಯ ಅತ್ತೆಯ ಎದುರಿಗೇ ಹೇಳುತ್ತೇನೆ. ಆಗ ನನಗೆ ತಿಳಿದಿರಲಿಲ್ಲ ಎಂದು ಮಾತ್ರ ಹೇಳಲಾರೆ. ಏಕೆಂದರೆ—

ಆ ಸಭೆಯ ಮರುದಿನ ಬೆಳಿಗ್ಗೆ ಕ್ಯಾಮರಾವನ್ನು ನಾನಿದ್ದ ಮನೆಯ ತಾರಸಿಗೆ ಒಯ್ದೆ. ಬಿಳಿ ಗೋಡೆಯ ಮುಂದೆ ಆ ಉಣ್ಣೆಯ ಉಂಡೆಯಿಟ್ಟು ನೋಡಿದೆ. ‘ಎ’ಯಲ್ಲಿ ಅದೊಂದು ಕಪ್ಪು ತೂತು. ಗುಂಡಿಯನ್ನು ‘ಎಂ’ಗೆ ಸರಿಸಿ, ಕಿಂಡಿಯನ್ನು ಕೈಯಾರೆ ಎರಡು ಗೆರೆಯಷ್ಟು ತೆರೆದೆ. ಎಳೆ ಎಳೆಯೂ ಕಂಡಿತು, ಆಕೆಯ ಬೆರಳು ತಿರುಚಿದ ಹುರಿಯ ಸಮೇತ. ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಗುಂಡಿಯನ್ನು ಮತ್ತೆ ‘ಎ’ಗೆ ತಂದು, ಪೆಟ್ಟಿಗೆ ಮುಚ್ಚಿ, ಕಚೇರಿಗೆ ಹೋಗಿ ಆಯ್ಕೆಯ ವರದಿಗೆ ರುಜು ಹಾಕಿದೆ.